ಪ್ರೋಬ್ ಇಟ್ಟರೆ ಸರಿ, ತೆಗೆದರೆ ತಪ್ಪು

ಈ ತಿಂಗಳು ಬಂದ ಕಾಗದಗಳಲ್ಲಿ ಐದನ್ನು ಒಟ್ಟಿಗೇ ಎತ್ತಿಕೊಂಡಿದ್ದೇನೆ. ಬರೆದವರು ಬೇರೆ ಬೇರೆ, ಅವರು ಅಳೆಯಹೊರಟಿದ್ದೂ ಬೇರೆ ಬೇರೆ. ಬೋರ್ಡಿನ ಮೇಲೆ ಕೂತಿರುವ ಜೋಡಿ ಮಾತ್ರ ಒಂದೇ: ಅನಲಾಗ್ ಮಲ್ಟಿಪ್ಲೆಕ್ಸರ್, ಅದರ ಜೊತೆಗೆ ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಮಲ್ಟಿಪ್ಲೆಕ್ಸರ್ ಎಂದರೆ ಹಲವು ಸೆನ್ಸರ್‌ಗಳಲ್ಲಿ ಒಂದೊಂದನ್ನೇ ಸರದಿಯ ಮೇಲೆ ಒಳಗೆ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್ಚು. ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್ ತನ್ನ ಎರಡು ಇನ್‌ಪುಟ್‌ಗಳ ನಡುವಿನ ವ್ಯತ್ಯಾಸವನ್ನಷ್ಟೇ ದೊಡ್ಡದು ಮಾಡಿ, ಎರಡರಲ್ಲೂ ಸಮನಾಗಿ ಇರುವುದನ್ನು ಕೈಬಿಡುತ್ತದೆ. ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂಬುದೇ ಅದರ ಗೇನ್. ಕಾಗದಗಳಲ್ಲಿ ಬರುವ ಎಡಿ 620 ಅಂಥದೊಂದು ಆಂಪ್ಲಿಫೈಯರ್; ಸಿಡಿ 4051, ಸಿಡಿ 4052, ಡಿಜಿ 409 ಮಲ್ಟಿಪ್ಲೆಕ್ಸರ್‌ಗಳು.

ಐವರಲ್ಲಿ ನಾಲ್ವರು ಆಂಪ್ಲಿಫೈಯರ್ ಐಸಿಯನ್ನು ಕಿತ್ತು ಹೊಸದನ್ನು ಹಾಕಿ ನೋಡಿದ್ದಾರೆ. ಒಬ್ಬರಂತೂ ಮೂರು ಸಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಐದೂ ಬೋರ್ಡುಗಳಲ್ಲಿ ಆಂಪ್ಲಿಫೈಯರ್ ಚೆನ್ನಾಗಿಯೇ ಇದೆ, ತನ್ನ ಕಾಲುಗಳಿಗೆ ಬಂದದ್ದನ್ನು ನಿಯತ್ತಾಗಿ ವರದಿ ಮಾಡುತ್ತಿದೆ. ನೋಡಬೇಕಾದದ್ದು ಆ ಕಾಲುಗಳಿಗೆ ಏನು ಬರುತ್ತಿದೆ ಎನ್ನುವುದನ್ನು.

ಪ್ರಶ್ನೆ: ಮೇಡಂ, ನಾನು ಡಿಪ್ಲೊಮಾ ಕೊನೆಯ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟಿಗೆ ನಾಲ್ಕು ಕೆ-ಟೈಪ್ ಥರ್ಮೋಕಪಲ್‌ಗಳನ್ನು (ಎರಡು ಬೇರೆ ಲೋಹದ ತಂತಿ ಬೆಸೆದ ತಾಪಮಾನದ ಸೆನ್ಸರ್) ಸಿಡಿ 4052 ಮೂಲಕ ಒಂದು ಎಡಿ 620ಕ್ಕೆ ಕೊಟ್ಟಿದ್ದೇನೆ. ಗೇನ್ 100, ಸಪ್ಲೈ ±5 ವೋಲ್ಟ್. ಆನ್ ಮಾಡಿದಾಗ ಒಂದು ಕ್ಷಣ ಸರಿಯಾದ ಅಂಕಿ ಕಾಣುತ್ತದೆ, ಆಮೇಲೆ ಔಟ್‌ಪುಟ್ ಎಲ್ಲೋ ಹೋಗಿ ಅಂಟಿಕೊಳ್ಳುತ್ತದೆ. ಏನಾಗಿದೆ ನೋಡೋಣವೆಂದು ಇನ್‌ಪುಟ್ ಪಿನ್ನಿಗೆ ಆಸಿಲೋಸ್ಕೋಪಿನ ಪ್ರೋಬ್ ಹಚ್ಚಿದರೆ ಎಲ್ಲವೂ ಸರಿಹೋಗುತ್ತದೆ! ತೆಗೆದರೆ ಮತ್ತೆ ಅದೇ ಕತೆ. ಮಲ್ಟಿಮೀಟರ್‌ನಲ್ಲಿ ಅಳೆದರೂ ಹೀಗೇ. ಮೊದಲನೇ ಚಾನೆಲ್ ಮಾತ್ರ ಒಮ್ಮೆಯೂ ತೊಂದರೆ ಕೊಟ್ಟಿಲ್ಲ. ಅದರ ತುದಿಯನ್ನು ಲೋಹದ ಪಾತ್ರೆಗೆ ಸ್ಕ್ರೂ ಹಾಕಿ ಬಿಗಿದಿದ್ದೇವೆ, ಪಾತ್ರೆ ಸಪ್ಲೈ ಗ್ರೌಂಡಿಗೆ ಸೇರಿದೆ. ಮೂರು ಎಡಿ 620 ಬದಲಿಸಿದ್ದಾಯಿತು. ಬೆಸುಗೆಯನ್ನೆಲ್ಲ ಮತ್ತೆ ಹಾಕಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಉತ್ತರ: ನಿಮ್ಮ ಕಾಗದ ಓದಿ ನನಗೆ ಬಹಳ ಸಂತೋಷವಾಯಿತು. ರೋಗ ಪತ್ತೆಯಾಗಲು ಬೇಕಾದದ್ದೆಲ್ಲ ಅದರೊಳಗೇ ಇದೆ. ಒಂದು ಕ್ಷಣ ಸರಿ ಇರುವುದು, ಪ್ರೋಬ್ ಹಚ್ಚಿದಾಗ ಗುಣವಾಗುವುದು, ಮೊದಲನೇ ಚಾನೆಲ್ ಮಾತ್ರ ಆರೋಗ್ಯವಾಗಿರುವುದು. ಈ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ.

ಎಡಿ 620ರ ಪ್ರತಿ ಇನ್‌ಪುಟ್ ಪಿನ್ನಿನಲ್ಲೂ ಒಂದು ಪುಟಾಣಿ ಕರೆಂಟು ಹರಿಯಲೇಬೇಕು. ಅದಕ್ಕೆ ಬಯಾಸ್ ಕರೆಂಟ್ ಎನ್ನುತ್ತಾರೆ. ಸಾಮಾನ್ಯವಾಗಿ ಅರ್ಧ ನ್ಯಾನೋಆಂಪಿಯರ್‌ನಷ್ಟು ಇರುತ್ತದೆ. ಇಷ್ಟು ಕಡಿಮೆ ಎಂದು ನಾವು ಅದನ್ನು ಮರೆತುಬಿಡುತ್ತೇವೆ. ಎಷ್ಟೇ ಚಿಕ್ಕದಾದರೂ ಅದು ಗ್ರೌಂಡ್ ಸೇರಲು ದಾರಿ ಬೇಕು. ನಿಮ್ಮ ಎರಡನೇ, ಮೂರನೇ, ನಾಲ್ಕನೇ ಥರ್ಮೋಕಪಲ್‌ಗಳು ಗಾಳಿಯಲ್ಲಿ ತೂಗುತ್ತಿವೆ, ಗ್ರೌಂಡಿಗೂ ಅವಕ್ಕೂ ಯಾವ ಸಂಬಂಧವೂ ಇಲ್ಲ. ದಾರಿ ಸಿಗದ ಕರೆಂಟು ಏನು ಮಾಡೀತು? ತಂತಿ, ಪಿನ್ನು, ಬೋರ್ಡು ಇವುಗಳಿಗೆ ತಾವಾಗಿಯೇ ಇರುವ ಕೆಪ್ಯಾಸಿಟನ್ಸನ್ನು ತುಂಬಿಸುತ್ತಾ ಹೋಗುತ್ತದೆ. ಒಂದು ಇನ್‌ಪುಟ್ ಕಡೆ ಅದು 50 ಪಿಕೋಫ್ಯಾರಡ್ ಇದೆ ಎಂದಿಟ್ಟುಕೊಳ್ಳಿ. ಅರ್ಧ ನ್ಯಾನೋಆಂಪಿಯರನ್ನು 50 ಪಿಕೋಫ್ಯಾರಡ್‌ನಿಂದ ಭಾಗಿಸಿದರೆ ಸೆಕೆಂಡಿಗೆ 10 ವೋಲ್ಟ್ ಬರುತ್ತದೆ. ಅರ್ಧ ಸೆಕೆಂಡಿನಲ್ಲಿ ಎರಡೂ ಇನ್‌ಪುಟ್‌ಗಳು ಜೊತೆಜೊತೆಯಾಗಿ ಸಪ್ಲೈ ವೋಲ್ಟೇಜಿನ ಹತ್ತಿರಕ್ಕೆ ತೇಲಿಹೋಗುತ್ತವೆ. ಅವುಗಳ ನಡುವಿನ ವ್ಯತ್ಯಾಸ ಆಗಲೂ ಥರ್ಮೋಕಪಲ್ ಕೊಟ್ಟ ಆ ಮೂರು ಮಿಲಿವೋಲ್ಟೇ. ಆದರೆ ಒಳಗಿನ ಆಂಪ್ಲಿಫೈಯರ್‌ಗಳಿಗೆ ಅಲ್ಲಾಡಲು ಜಾಗವಿಲ್ಲ, ಆದ್ದರಿಂದ ಹೊರಬರುವ ಅಂಕಿಗೆ ಅರ್ಥವಿಲ್ಲ. ನೀವು ಕಂಡ ‘ಒಂದು ಕ್ಷಣ’ ಆ ತೇಲುವಿಕೆಗೆ ಹಿಡಿದ ಹೊತ್ತು.

ಇನ್ನು ಪ್ರೋಬ್. ನಿಮ್ಮ ಹತ್ತು ಪಟ್ಟಿನ ಪ್ರೋಬಿನ ತುದಿಯಿಂದ ಗ್ರೌಂಡಿಗೆ 10 ಮೆಗಾಓಮ್ ರೆಸಿಸ್ಟನ್ಸ್ ಇದೆ. ಬಹುಪಾಲು ಡಿಜಿಟಲ್ ಮಲ್ಟಿಮೀಟರ್‌ಗಳಲ್ಲೂ ಅಷ್ಟೇ. ನೀವು ಅಳತೆ ಮಾಡುತ್ತಿದ್ದೀರಿ ಎಂದುಕೊಂಡಿರಿ, ವಾಸ್ತವದಲ್ಲಿ ಸರ್ಕ್ಯೂಟಿನಲ್ಲಿ ಇಲ್ಲದ ರೆಸಿಸ್ಟರ್ ಒಂದನ್ನು ಕೈಯಲ್ಲಿ ಹಿಡಿದು ಒದಗಿಸುತ್ತಿದ್ದೀರಿ. ಥರ್ಮೋಕಪಲ್ ಎರಡು ತಂತಿಗಳನ್ನೂ ಜೋಡಿಸಿರುವುದರಿಂದ ಒಂದು ಪಿನ್ನಿಗೆ ಹಚ್ಚಿದರೂ ಎರಡಕ್ಕೂ ದಾರಿಯಾಗುತ್ತದೆ. ಎರಡರ ಬಯಾಸ್ ಸೇರಿ 1 ನ್ಯಾನೋಆಂಪಿಯರ್, 10 ಮೆಗಾಓಮ್‌ನಲ್ಲಿ 10 ಮಿಲಿವೋಲ್ಟ್. ಅದು ಎರಡೂ ಇನ್‌ಪುಟ್‌ಗೆ ಸಮನಾಗಿ ಬರುವುದರಿಂದ ಆಂಪ್ಲಿಫೈಯರ್ ಅದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಮೊದಲನೇ ಚಾನೆಲ್‌ಗೆ ಈ ದಾರಿಯನ್ನು ನಿಮ್ಮ ಲೋಹದ ಪಾತ್ರೆ ಕೊಟ್ಟಿದೆ.

ನನ್ನ ಕೆಲಸದ ಮೊದಲ ವರ್ಷಗಳಲ್ಲಿ ಇದೇ ದೋಷ ಇದೇ ವೇಷದಲ್ಲಿ ನನ್ನೆದುರಿಗೆ ಬಂದಿತ್ತು. ಒಲೆಯೊಂದರ ಆರು ಕಡೆಯ ತಾಪ ಬರೆದಿಡುವ ಪೆಟ್ಟಿಗೆ. ಸಂಜೆ ಪ್ರೋಬ್ ಹಚ್ಚಿಟ್ಟು, ಅಂಕಿಗಳೆಲ್ಲ ಸರಿ ಇವೆಯೆಂದು ಪುಸ್ತಕದಲ್ಲಿ ಬರೆದು ಹೋದೆ. ಪ್ರೋಬನ್ನು ಯಾರೋ ಬೇರೆ ಕೆಲಸಕ್ಕೆ ಕಿತ್ತುಕೊಂಡಿದ್ದರು. ಬೆಳಿಗ್ಗೆ ನೋಡಿದರೆ ರಾತ್ರಿಯ ದಾಖಲೆಯೆಲ್ಲ ಕಸ. ಎರಡು ದಿನ ಒದ್ದಾಡಿದ ಮೇಲೆ ನಮ್ಮ ಹಿರಿಯ ಸಹೋದ್ಯೋಗಿ ಬಂದು ಸ್ಕೀಮ್ಯಾಟಿಕ್ ಹರವಿ ಕೂತರು. ಇನ್‌ಪುಟ್ ಪಿನ್ನಿನ ಮೇಲೆ ಪೆನ್ಸಿಲ್ ಇಟ್ಟು, ‘ಇಲ್ಲಿಂದ ಹೊರಟ ಕರೆಂಟು ಮನೆಗೆ ಹೇಗೆ ಹೋಗುತ್ತದಮ್ಮ? ಬೆರಳಿಟ್ಟು ತೋರಿಸು’ ಎಂದರು. ನನ್ನ ಬೆರಳು ಮಲ್ಟಿಪ್ಲೆಕ್ಸರ್ ದಾಟಿತು, ಥರ್ಮೋಕಪಲ್ ಸುತ್ತಿತು, ಇನ್ನೊಂದು ಇನ್‌ಪುಟ್ಟಿಗೇ ವಾಪಸು ಬಂತು. ಗ್ರೌಂಡ್ ಸಿಗಲೇ ಇಲ್ಲ. ಅಂದಿನಿಂದ ಇಂದಿನವರೆಗೂ ಹೊಸ ಬೋರ್ಡ್ ಎದುರಿಗೆ ಬಂದರೆ ನಾನು ಮೊದಲು ಮಾಡುವುದು ಆ ಬೆರಳಿನ ಪ್ರಯಾಣವನ್ನೇ.

ಪರಿಹಾರ ಸುಲಭ. ಮಲ್ಟಿಪ್ಲೆಕ್ಸರ್ ದಾಟಿದ ಮೇಲೆ, ಆಂಪ್ಲಿಫೈಯರಿನ ಎರಡೂ ಇನ್‌ಪುಟ್‌ಗಳಿಂದ ಗ್ರೌಂಡಿಗೆ ತಲಾ 1 ಮೆಗಾಓಮ್ ಹಾಕಿ. ಒಂದೇ ಕಡೆ ಹಾಕಿದರೂ ಚಾನೆಲ್ ಆನ್ ಇರುವಾಗ ನಡೆಯುತ್ತದೆ. ಆದರೆ ಮಲ್ಟಿಪ್ಲೆಕ್ಸರ್ ಒಂದು ಚಾನೆಲನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ನಡುವೆ ಒಂದು ಗಳಿಗೆ ಯಾವುದನ್ನೂ ಹಿಡಿದಿರುವುದಿಲ್ಲ, ಆಗ ಇನ್ನೊಂದು ಕಾಲು ತೂಗಾಡುತ್ತದೆ. ಎರಡು ಕಡೆಯೂ ಇರಲಿ. ಸಿಡಿ 4052ರ ಸ್ವಿಚ್ಚು ನಿಮ್ಮ ಸಪ್ಲೈನಲ್ಲಿ ಸುಮಾರು 180 ಓಮ್. 1 ಮೆಗಾಓಮ್ ಪಕ್ಕದಲ್ಲಿ ಅದು ಲೆಕ್ಕಕ್ಕೇ ಬಾರದು.

ಇಲ್ಲಿಗೆ ನಿಲ್ಲಿಸಬೇಡಿ, ಇನ್ನೊಂದು ಮಾತು ಇದೆ, ಇದು ನನಗೆ ಹೆಚ್ಚು ಮುಖ್ಯ. ಈ ರೆಸಿಸ್ಟರ್‌ಗಳನ್ನು ಹಾಕಿದ ಮೇಲೆ ಥರ್ಮೋಕಪಲ್ ತಂತಿ ಕಡಿದುಹೋದರೆ ಏನಾಗುತ್ತದೆ? ಎರಡೂ ಇನ್‌ಪುಟ್ ಗ್ರೌಂಡಿನ ಹತ್ತಿರ ಬಂದು ಕೂರುತ್ತವೆ, ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ. ನಿಮ್ಮ ಪರದೆಯ ಮೇಲೆ ಅದು ಕೋಣೆಯ ತಾಪಮಾನದ ಹಾಗೆ ಕಾಣುತ್ತದೆ. ಬರೀ ಓದುವ ಯಂತ್ರವಾದರೆ ಹೋಗಲಿ ಎನ್ನಬಹುದು. ಅದೇ ಅಂಕಿ ನೋಡಿ ಹೀಟರ್ ನಡೆಸುವ ಸರ್ಕ್ಯೂಟ್ ಇದ್ದರೆ, ‘ಇನ್ನೂ ಬಿಸಿಯಾಗಿಲ್ಲ’ ಎಂದು ಹೀಟರನ್ನು ಉರಿಸುತ್ತಲೇ ಇರುತ್ತದೆ. ಹಾಗಾಗಿ ತಂತಿ ಕಡಿದರೆ ಅಂಕಿ ಮೇಲಕ್ಕೆ ಓಡುವ ಹಾಗೆ ಮಾಡಬೇಕು. ಪ್ರತಿ ಥರ್ಮೋಕಪಲ್‌ನ ಧನ ತಂತಿಯಿಂದ +5 ವೋಲ್ಟ್‌ಗೆ 10 ಮೆಗಾಓಮ್, ಋಣ ತಂತಿಯಿಂದ ಗ್ರೌಂಡಿಗೆ 10 ಕಿಲೋಓಮ್ ಹಾಕಿ. ಇದನ್ನು ಮಲ್ಟಿಪ್ಲೆಕ್ಸರಿಗಿಂತ ಮುಂಚೆ, ಥರ್ಮೋಕಪಲ್ ಕನೆಕ್ಟರ್ ಬಳಿಯೇ ಹಾಕಬೇಕು. ಒಂದೇ ಜೊತೆಯಲ್ಲಿ ಮುಗಿಸೋಣವೆಂದು ಮಲ್ಟಿಪ್ಲೆಕ್ಸರ್ ನಂತರ ಹಾಕಿದರೆ ಆ ಅರ್ಧ ಮೈಕ್ರೋಆಂಪಿಯರ್ ಎರಡು ಸ್ವಿಚ್ಚುಗಳ 360 ಓಮ್ ಮೂಲಕ ಹರಿದು 180 ಮೈಕ್ರೋವೋಲ್ಟ್ ಹುಟ್ಟುತ್ತದೆ. ಕೆ-ಟೈಪ್‌ನಲ್ಲಿ ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್, ಅಂದರೆ 4 ಡಿಗ್ರಿಗೂ ಹೆಚ್ಚು ತಪ್ಪು. ಮುಂಚೆ ಹಾಕಿದರೆ ಥರ್ಮೋಕಪಲ್ ತಂತಿಯ ಸ್ವಂತ ರೆಸಿಸ್ಟನ್ಸ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದು 20 ಓಮ್ ಇದ್ದರೆ ತಪ್ಪು ಕಾಲು ಡಿಗ್ರಿ.

ಮುಗಿದ ಮೇಲೆ ಒಂದೊಂದೇ ಥರ್ಮೋಕಪಲ್ ತಂತಿ ಬಿಚ್ಚಿ, ಆ ಚಾನೆಲ್ ಮೇಲಕ್ಕೆ ಹೋಗುತ್ತದೆಯೇ ನೋಡಿ. ಆಗ ಪ್ರೋಬ್ ಇನ್‌ಪುಟ್ಟಿನ ಮೇಲೆ ಇರಬಾರದು. ಔಟ್‌ಪುಟ್ ಮಾತ್ರ ನೋಡಿ.

ಪ್ರಶ್ನೆ: ನಾಲ್ಕು 350 ಓಮ್ ಲೋಡ್‌ಸೆಲ್‌ಗಳು (ತೂಕದ ಸೆನ್ಸರ್), ನಾಲ್ಕು ಜೋಡಿಯ ಡಿಜಿ 409 ಮಲ್ಟಿಪ್ಲೆಕ್ಸರ್, ಅದರ ನಂತರ ಪ್ರತಿ ತಂತಿಯಲ್ಲಿ 1 ಕಿಲೋಓಮ್, ಎರಡು ತಂತಿಗಳ ನಡುವೆ 0.1 ಮೈಕ್ರೋಫ್ಯಾರಡ್, ಆಮೇಲೆ ಆಂಪ್ಲಿಫೈಯರ್. ಒಂದೊಂದನ್ನೇ ಪ್ರತ್ಯೇಕವಾಗಿ ಆರಿಸಿ ಇಟ್ಟು ನೋಡಿದರೆ ತೂಕ ಕರಾರುವಾಕ್ಕು. ಸ್ಕ್ಯಾನ್ ಮಾಡಿದರೆ ಕೆಟ್ಟುಹೋಗುತ್ತದೆ. ಮೊದಲನೇ ಸೆಲ್ ಮೇಲೆ ಮಾತ್ರ 10 ಕೆಜಿ ಇಟ್ಟೆ. ಬಂದ ಅಂಕಿ: 4.2, 2.8, 1.8, 1.2. ಉಳಿದ ಮೂರೂ ಸೆಲ್ ಖಾಲಿ! ಚಾನೆಲ್ ಬದಲಿಸಿ 100 ಮೈಕ್ರೋಸೆಕೆಂಡ್ ಕಾದು ಓದುತ್ತೇನೆ. ಮಲ್ಟಿಪ್ಲೆಕ್ಸರ್ ಒಳಗೇ ಸೋರುತ್ತಿದೆಯೆಂದು ಬದಲಿಸಿದೆ, ಆಂಪ್ಲಿಫೈಯರನ್ನೂ ಬದಲಿಸಿದೆ. ಅಂಕಿ ಒಂದಿಷ್ಟೂ ಅಲುಗಲಿಲ್ಲ.

ಉತ್ತರ: ಆ ನಾಲ್ಕು ಅಂಕಿಗಳನ್ನು ಕೂಡಿಸಿ ನೋಡಿ. 4.2, 2.8, 1.8, 1.2. ಒಟ್ಟು ಸರಿಯಾಗಿ 10. ನಿಮ್ಮ ತೂಕ ಎಲ್ಲೂ ಕಳೆದುಹೋಗಿಲ್ಲ, ನಾಲ್ಕು ಚಾನೆಲ್‌ಗಳಲ್ಲಿ ಹಂಚಿಹೋಗಿದೆ. ಈಗ ಪಕ್ಕಪಕ್ಕದವನ್ನು ಭಾಗಿಸಿ. 2.8ನ್ನು 4.2ರಿಂದ, 1.8ನ್ನು 2.8ರಿಂದ, 1.2ನ್ನು 1.8ರಿಂದ. ಪ್ರತಿ ಸಲವೂ 0.65ರ ಆಸುಪಾಸು. ಕಾಗದದ ಮೇಲೆ ಇದನ್ನು ಬರೆದುಕೊಂಡಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಸೋರಿಕೆ ಇಷ್ಟು ಶಿಸ್ತಾಗಿ ಮೆಟ್ಟಿಲು ಇಳಿಯುವುದಿಲ್ಲ. ಇದು ಕೆಪ್ಯಾಸಿಟರಿನ ನೆನಪು.

ನಿಮ್ಮ 0.1 ಮೈಕ್ರೋಫ್ಯಾರಡ್ ಮಲ್ಟಿಪ್ಲೆಕ್ಸರಿನ ಹಿಂದೆ ಇರುವುದರಿಂದ ನಾಲ್ಕೂ ಚಾನೆಲ್‌ಗಳಿಗೆ ಅದೊಂದೇ. ಎರಡನೇ ಸೆಲ್‌ಗೆ ಸ್ವಿಚ್ಚು ತಿರುಗಿದಾಗ ಅದರಲ್ಲಿ ಮೊದಲನೇ ಸೆಲ್ಲಿನ ವೋಲ್ಟೇಜ್ ತುಂಬಿಕೊಂಡಿರುತ್ತದೆ. ಅದು ಬರಿದಾಗಬೇಕಾದದ್ದು ಎರಡು 1 ಕಿಲೋಓಮ್, ಎರಡು ಸ್ವಿಚ್ಚು, ಸೆಲ್ಲಿನ 350 ಓಮ್, ಎಲ್ಲ ಸೇರಿ ಸುಮಾರು 2.4 ಕಿಲೋಓಮ್ ಮೂಲಕ. 2.4 ಕಿಲೋಓಮ್ ಗುಣಿಸು 0.1 ಮೈಕ್ರೋಫ್ಯಾರಡ್ ಅಂದರೆ 240 ಮೈಕ್ರೋಸೆಕೆಂಡಿನ ಟೈಮ್ ಕಾನ್‌ಸ್ಟಂಟ್, ಹಳೆಯದು ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯಲು ಬೇಕಾದ ಹೊತ್ತು. ನೀವು ಕಾದದ್ದು 100. ಅಷ್ಟರಲ್ಲಿ ಹಳೆಯದರ ಮೂರರಲ್ಲಿ ಎರಡು ಪಾಲು ಇನ್ನೂ ಉಳಿದಿರುತ್ತದೆ. ಅದೇ ನಿಮ್ಮ 0.65. ಮೊದಲನೇ ಸೆಲ್ 10ರ ಬದಲು 4.2 ತೋರಿಸುವುದಕ್ಕೂ ಇದೇ ಕಾರಣ: ಕೆಪ್ಯಾಸಿಟರ್ ಅದರ ಪೂರ್ತಿ ಮಟ್ಟಕ್ಕೆ ಏರುವ ಮೊದಲೇ ನೀವು ಓದಿ ಮುಂದೆ ಹೋಗುತ್ತೀರಿ.

ನಂಬಿಕೆ ಬಾರದಿದ್ದರೆ ಸ್ಕ್ಯಾನಿನ ಕ್ರಮ ಬದಲಿಸಿ. 1-2-3-4 ಬದಲು 1-4-3-2. ಮೆಟ್ಟಿಲು ಈಗ ನಾಲ್ಕನೇ ಸೆಲ್ ಕಡೆಯಿಂದ ಇಳಿದರೆ ಅಪರಾಧಿ ಸಮಯವೇ, ಐಸಿ ಅಲ್ಲ. ಐಸಿಯೊಳಗಿನ ಸೋರಿಕೆಗೆ ನೀವು ಯಾವ ಕ್ರಮದಲ್ಲಿ ಓದುತ್ತೀರಿ ಎಂಬುದು ಗೊತ್ತಾಗುವುದಿಲ್ಲ. ಬೆಸುಗೆ ಕಡ್ಡಿ ಬಿಸಿ ಮಾಡುವ ಮುಂಚೆ ಈ ಪರೀಕ್ಷೆ ಮಾಡಿ ಎಂದು ನಾನು ಎಲ್ಲರನ್ನೂ ಬೇಡಿಕೊಳ್ಳುತ್ತೇನೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿದರೆ ಸಾಕು.

12 ಬಿಟ್ಟಿನ ನಿಖರತೆಗೆ 9 ಟೈಮ್ ಕಾನ್‌ಸ್ಟಂಟ್ ಕಾಯಬೇಕು, ನಿಮಗೆ 2.2 ಮಿಲಿಸೆಕೆಂಡ್. 16 ಬಿಟ್ಟಿಗೆ 12ರಷ್ಟು, ಸುಮಾರು 3 ಮಿಲಿಸೆಕೆಂಡ್. ತೂಕದ ಯಂತ್ರಕ್ಕೆ ಇದು ಧಾರಾಳ. ನಾಲ್ಕು ಸೆಲ್‌ಗೆ 12 ಮಿಲಿಸೆಕೆಂಡ್ ಹಿಡಿದರೂ ಸೆಕೆಂಡಿಗೆ 80 ಸಲ ಸುತ್ತಬಹುದು. ‘ಚಾನೆಲ್ ಬದಲಿಸಿದ ಮೇಲೆ ಮೊದಲ ರೀಡಿಂಗ್ ಎಸೆದು ಎರಡನೆಯದನ್ನು ಹಿಡಿ’ ಎಂಬ ಸಲಹೆ ನಿಮಗೆ ಯಾರಾದರೂ ಕೊಡಬಹುದು. ನಿಮ್ಮ ವಿಷಯದಲ್ಲಿ ಅದು 0.66ನ್ನು 0.44 ಮಾಡುತ್ತದೆ, ಅಷ್ಟೇ. ಸಮಯ ಕೊಡದೆ ಗತಿಯಿಲ್ಲ.

ಬೇಗ ಓದಲೇಬೇಕಾದರೆ ಫಿಲ್ಟರನ್ನು ಮಲ್ಟಿಪ್ಲೆಕ್ಸರಿಗಿಂತ ಮುಂದಕ್ಕೆ ತನ್ನಿ, ಪ್ರತಿ ಸೆಲ್‌ಗೂ ಅದರದೇ ರೆಸಿಸ್ಟರ್, ಅದರದೇ ಕೆಪ್ಯಾಸಿಟರ್. ಆಗ ಹಳೆಯ ನೆನಪು ಉಳಿಯುವುದು ಸ್ವಿಚ್ಚಿನ ಆಚೆ ಬದಿಯ ಹತ್ತಾರು ಪಿಕೋಫ್ಯಾರಡ್‌ನಲ್ಲಿ ಮಾತ್ರ. ಅದು 50 ಇದ್ದರೂ 0.1 ಮೈಕ್ರೋಫ್ಯಾರಡ್ ಎದುರು ಎರಡು ಸಾವಿರದ ಒಂದು ಪಾಲು. 10 ಕೆಜಿಯ ನೆರಳು 5 ಗ್ರಾಂಗೆ ಇಳಿಯುತ್ತದೆ. ಅದೂ ಬೇಡವೆಂದರೆ ಇನ್ನೂ ದೊಡ್ಡ ಕೆಪ್ಯಾಸಿಟರ್ ಹಾಕಿ.

ಪ್ರಶ್ನೆ: ಎಡಿ 620ರ ಗೇನ್ ರೆಸಿಸ್ಟರನ್ನು ಮೈಕ್ರೋಕಂಟ್ರೋಲರಿನಿಂದ ಬದಲಿಸಲು ಸಿಡಿ 4051 ಬಳಸಿದ್ದೇನೆ, ±5 ವೋಲ್ಟ್‌ನಲ್ಲಿ. 10ಕ್ಕೆ 5.49 ಕಿಲೋಓಮ್, 100ಕ್ಕೆ 499 ಓಮ್, 1000ಕ್ಕೆ 49.9 ಓಮ್, ಎಲ್ಲ 1 ಪರ್ಸೆಂಟಿನವು. ಬಂದ ಗೇನ್ 9.7, 74, 216. ಐಸಿ ನಕಲಿಯೇ?

ಉತ್ತರ: ನಕಲಿಯಲ್ಲ. ಎಡಿ 620ರ ಸೂತ್ರ ನಿಮಗೆ ಗೊತ್ತೇ ಇದೆ: ಗೇನ್ ಎಂದರೆ 49.4 ಕಿಲೋಓಮನ್ನು ಗೇನ್ ರೆಸಿಸ್ಟರಿನಿಂದ ಭಾಗಿಸಿ 1 ಕೂಡಿಸುವುದು. ನಿಮ್ಮ ಗೇನ್ ರೆಸಿಸ್ಟರ್ 499 ಓಮ್ ಅಲ್ಲ. ಅದರ ಜೊತೆ ಸರಣಿಯಲ್ಲಿ 4051ರ ಸ್ವಿಚ್ಚೂ ಕೂತಿದೆ. ಅದಕ್ಕೆ 180 ಓಮ್ ಹಿಡಿದು ಲೆಕ್ಕ ಹಾಕಿ. 679 ಓಮ್‌ಗೆ 73.8. 229.9 ಓಮ್‌ಗೆ 215.9. 5.67 ಕಿಲೋಓಮ್‌ಗೆ 9.71. ಮೂರೂ ನಿಮ್ಮ ಅಂಕಿಗೆ ಕೂಡಿಬರುತ್ತವೆ. ಗೇನ್ ಏರಿದಷ್ಟೂ ತಪ್ಪು ಹಿಗ್ಗುತ್ತಿದೆಯೆಂದರೆ ಗೇನ್ ದಾರಿಯಲ್ಲಿ ಕರೆಯದೇ ಬಂದು ಕೂತ ರೆಸಿಸ್ಟನ್ಸ್ ಇದೆ ಎಂದೇ ತಿಳಿಯಿರಿ. ಸ್ವಿಚ್ಚಲ್ಲದಿದ್ದರೆ ಅದು ಸಡಿಲ ಸಾಕೆಟ್ ಇರಬಹುದು, ಬ್ರೆಡ್‌ಬೋರ್ಡಿನ ತುಕ್ಕು ಹಿಡಿದ ಪಟ್ಟಿಯೂ ಇರಬಹುದು.

ಹಾಗಾದರೆ 499ರಿಂದ 180 ಕಳೆದು 319 ಓಮ್ ಹಾಕಿಬಿಡೋಣ ಎಂದು ಈಗಲೇ ನಿಮ್ಮ ಮನಸ್ಸಿಗೆ ಬಂದಿರುತ್ತದೆ. ಹಾಗೆ ಮಾಡಬೇಡಿ. ಆ 180 ಸ್ಥಿರವಲ್ಲ. ಐಸಿಯಿಂದ ಐಸಿಗೆ, ಸಪ್ಲೈ ಬದಲಾದಂತೆ, ಸಿಗ್ನಲ್ಲಿನ ಮಟ್ಟ ಬದಲಾದಂತೆ, ಬಿಸಿ ಏರಿದಂತೆ ಅದು ಬದಲಾಗುತ್ತದೆ. ಬಿಸಿಗೆ 210 ಆಯಿತೆನ್ನಿ, ನೀವು ಹೊಂದಿಸಿಟ್ಟ 100 ಆಗಲೇ 94 ಆಗಿರುತ್ತದೆ. ಒಂದು ದಿನ ಸರಿ ಕಂಡು ಮರುದಿನ ತಪ್ಪುವ ಯಂತ್ರಕ್ಕಿಂತ, ಯಾವಾಗಲೂ ಒಂದೇ ಥರ ತಪ್ಪುವ ಯಂತ್ರ ಮೇಲು.

ನನ್ನ ಸಲಹೆ ಇದು. ಎಡಿ 620ರ ಗೇನನ್ನು ಒಂದು ಸ್ಥಿರ ರೆಸಿಸ್ಟರಿನಿಂದ 10ಕ್ಕೆ ಕಟ್ಟಿಹಾಕಿ, ಉಳಿದ ಗೇನನ್ನು ಅದರ ನಂತರ ಒಂದು ಆಪ್-ಆಂಪ್‌ನಲ್ಲಿ (ಸಾಮಾನ್ಯ ಬಳಕೆಯ ಆಂಪ್ಲಿಫೈಯರ್ ಐಸಿ) ಬದಲಿಸಿ. ಆಪ್-ಆಂಪಿನ ಔಟ್‌ಪುಟ್‌ನಿಂದ ಗ್ರೌಂಡಿಗೆ ರೆಸಿಸ್ಟರ್‌ಗಳ ಒಂದು ಏಣಿ ಕಟ್ಟಿ, ಅದರ ಯಾವ ಮೆಟ್ಟಿಲನ್ನು ಇನ್‌ವರ್ಟಿಂಗ್ ಇನ್‌ಪುಟ್ಟಿಗೆ ಕೊಡಬೇಕೆಂಬುದನ್ನು ಮಾತ್ರ 4051 ಆರಿಸಲಿ. ಆ ಇನ್‌ಪುಟ್ಟಿಗೆ ಕರೆಂಟು ಹೆಚ್ಚುಕಡಿಮೆ ಹರಿಯುವುದೇ ಇಲ್ಲ. ಕರೆಂಟು ಹರಿಯದ ಕಡೆ ಸ್ವಿಚ್ಚು 180 ಓಮ್ ಇದ್ದರೇನು, 500 ಇದ್ದರೇನು, ಅದರ ಮೇಲೆ ವೋಲ್ಟೇಜ್ ಬೀಳುವುದಿಲ್ಲ. ಅಷ್ಟೆಲ್ಲ ಕಟ್ಟುವ ತಾಳ್ಮೆ ಇಲ್ಲವಾದರೆ ಪಿಜಿಎ 204, ಎಡಿ 8253 ಥರದ, ಗೇನ್ ಬದಲಿಸುವ ವ್ಯವಸ್ಥೆ ಒಳಗೇ ಇರುವ ಐಸಿಗಳಿವೆ. 1, 10, 100, 1000, ಎರಡು ಪಿನ್ನಿನ ಮೇಲೆ ಡಿಜಿಟಲ್ ಅಂಕಿ ಕೊಟ್ಟರೆ ಸಾಕು.

ಪ್ರಶ್ನೆ: ಸಿಡಿ 4051ಕ್ಕೆ +5, ಗ್ರೌಂಡ್, -5 ಕೊಟ್ಟಿದ್ದೇನೆ. ಚಾನೆಲ್ ಆರಿಸುವ ವಿಳಾಸದ ಪಿನ್ನುಗಳಿಗೆ 3.3 ವೋಲ್ಟಿನ ಮೈಕ್ರೋಕಂಟ್ರೋಲರಿನಿಂದ ನೇರ ತಂತಿ. ಬಹಳಷ್ಟು ಹೊತ್ತು ಸರಿ. ಆಗಾಗ ಕೇಳಿದ ಚಾನೆಲ್ ಬಿಟ್ಟು ಬೇರೆ ಯಾವುದೋ ಬರುತ್ತದೆ. ಒಂದೇ ಥರದ ಎರಡು ಬೋರ್ಡು ಮಾಡಿದ್ದೇನೆ, ಒಂದರಲ್ಲಿ ಈ ತೊಂದರೆಯೇ ಇಲ್ಲ.

ಉತ್ತರ: 5 ವೋಲ್ಟ್ ಸಪ್ಲೈನಲ್ಲಿ ಸಿಡಿ 4051 ಒಂದು ಪಿನ್ನನ್ನು ‘ಹೈ’ ಎಂದು ಖಾತರಿಯಾಗಿ ಒಪ್ಪಿಕೊಳ್ಳುವುದು 3.5 ವೋಲ್ಟ್‌ನಿಂದ ಮೇಲೆ. ನೀವು ಕೊಡುತ್ತಿರುವುದು 3.3. ಬಹುತೇಕ ಐಸಿಗಳು ಅಷ್ಟಕ್ಕೂ ಒಪ್ಪುತ್ತವೆ, ಅದಕ್ಕೇ ಒಂದು ಬೋರ್ಡು ನಡೆಯುತ್ತಿದೆ. ಆ ಬೋರ್ಡನ್ನೂ ನಂಬಬೇಡಿ. ಅದು ನಡೆಯುವುದು ಅದೃಷ್ಟದ ಮೇಲೆ, ಡೇಟಾಶೀಟಿನ ಮೇಲಲ್ಲ. 74ಎಚ್‌ಸಿಟಿ 4051 ಹಾಕಿ. ಅದಕ್ಕೆ 2 ವೋಲ್ಟ್ ಸಾಕು, ಪಿನ್ನುಗಳ ಜೋಡಣೆಯೂ ಅದೇ. ಆದರೆ ಧನ ಸಪ್ಲೈಗೂ ಋಣ ಸಪ್ಲೈಗೂ ನಡುವೆ 10 ವೋಲ್ಟ್ ದಾಟಬಾರದು, ±5ಕ್ಕೆ ಅದು ಅಂಚಿನಲ್ಲಿದೆ, ಸಪ್ಲೈ ಅಳೆದು ನೋಡಿಕೊಳ್ಳಿ. ಹಾಗೆಯೇ 6ನೇ ಪಿನ್ನು, ಎಲ್ಲ ಚಾನೆಲ್‌ಗಳನ್ನೂ ಒಟ್ಟಿಗೆ ಮುಚ್ಚುವ ಇನ್‌ಹಿಬಿಟ್, ಎಲ್ಲಿಗೂ ಸೇರದೆ ಉಳಿದಿಲ್ಲ ತಾನೇ? ನಿಮ್ಮ ಚಿತ್ರದಲ್ಲಿ ಅದು ಕಾಣಲಿಲ್ಲ. ಗ್ರೌಂಡಿಗೆ ಸೇರಿಸಿ.

ಪ್ರಶ್ನೆ: 5 ವೋಲ್ಟ್ ಒಂದೇ ಸಪ್ಲೈ. ಎರಡು ಬ್ರಿಜ್ ಸೆನ್ಸರ್ (ನಾಲ್ಕು ರೆಸಿಸ್ಟರ್‌ಗಳನ್ನು ಚೌಕವಾಗಿ ಜೋಡಿಸಿದ್ದು), ಮಲ್ಟಿಪ್ಲೆಕ್ಸರ್, ಎಡಿ 620. ಭಾರ ಇಲ್ಲದಿದ್ದಾಗ ಸೊನ್ನೆ ಬರಬೇಕು, 1.1 ವೋಲ್ಟ್ ಬರುತ್ತದೆ. ಸ್ವಲ್ಪ ಭಾರ ಇಟ್ಟರೂ ಅಲುಗುವುದಿಲ್ಲ, ಬಹಳ ಇಟ್ಟ ಮೇಲೆ ಏರತೊಡಗುತ್ತದೆ. ಔಟ್‌ಪುಟ್ಟಿನ ಸೊನ್ನೆ ಎಲ್ಲಿರಬೇಕೆಂದು ಹೇಳುವ ರೆಫರೆನ್ಸ್ ಪಿನ್ನು ಗ್ರೌಂಡಿಗೆ. ಅದನ್ನು ಎರಡು 10 ಕಿಲೋಓಮ್‌ಗಳ ನಡುವಿನಿಂದ ಎತ್ತಿ ನೋಡಿದೆ. ಆಗ ಅಲುಗುತ್ತದೆ, ಆದರೆ ಎರಡು ಚಾನೆಲ್‌ಗಳ ಸೊನ್ನೆ ಬೇರೆ ಬೇರೆ.

ಉತ್ತರ: ಎಡಿ 620ರ ಔಟ್‌ಪುಟ್ ಕೆಳಗಿನ ಸಪ್ಲೈವರೆಗೂ ಇಳಿಯಲಾರದು, 1.1 ವೋಲ್ಟ್‌ನಷ್ಟು ಮೇಲೆಯೇ ನಿಲ್ಲುತ್ತದೆ. ಮೇಲೂ ಹಾಗೆಯೇ, 3.8ರ ಹತ್ತಿರ ನಿಲ್ಲುತ್ತದೆ. ರೆಫರೆನ್ಸನ್ನು ಎತ್ತಬೇಕೆಂಬ ನಿಮ್ಮ ಯೋಚನೆ ಸರಿಯಾಗಿತ್ತು, ಎತ್ತಿದ ರೀತಿ ತಪ್ಪಿತು. ಆ ಪಿನ್ನಿನ ಹಿಂದೆ, ಐಸಿಯೊಳಗೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಹೊಂದಿಸಿದ ನಾಲ್ಕು 10 ಕಿಲೋಓಮ್‌ಗಳಿವೆ. ಎರಡು ತಂತಿಗಳಲ್ಲಿ ಸಮನಾಗಿ ಬಂದದ್ದು ರದ್ದಾಗುವುದು ಅವು ಸಮನಾಗಿರುವ ತನಕ ಮಾತ್ರ. ನಿಮ್ಮ ಎರಡು 10 ಕಿಲೋಓಮ್‌ಗಳು ಹೊರಗಿನಿಂದ ಅವುಗಳಲ್ಲೊಂದಕ್ಕೆ 5 ಕಿಲೋಓಮ್ ಸೇರಿಸಿದವು, 10 ಇದ್ದದ್ದು 15 ಆಯಿತು. ಲೆಕ್ಕ ಹಾಕಿದರೆ ಎರಡೂ ಇನ್‌ಪುಟ್‌ಗೆ ಸಮನಾಗಿರುವ ವೋಲ್ಟೇಜಿನ ಐದನೇ ಒಂದು ಪಾಲು ಔಟ್‌ಪುಟ್ಟಿಗೆ ನುಸುಳುತ್ತದೆ. ಬ್ರಿಜ್‌ನಲ್ಲಿ ಅದು 2.5 ವೋಲ್ಟ್, ನುಸುಳಿದ್ದು ಅರ್ಧ ವೋಲ್ಟ್. ಎರಡು ಬ್ರಿಜ್‌ಗಳ ಮಧ್ಯದ ವೋಲ್ಟೇಜ್ ಒಂದಕ್ಕೊಂದು ಪೂರ್ತಿ ಸಮ ಇರುವುದಿಲ್ಲ, ಅದಕ್ಕೇ ಚಾನೆಲ್ ಬದಲಾದಾಗ ಸೊನ್ನೆಯೂ ಜಾಗ ಬದಲಿಸುತ್ತದೆ.

ಆ ಎರಡು ರೆಸಿಸ್ಟರ್‌ಗಳ ನಂತರ ಒಂದು ಆಪ್-ಆಂಪ್ ಬಫರ್ (ವೋಲ್ಟೇಜನ್ನು ಇದ್ದ ಹಾಗೇ ದಾಟಿಸುವ ಆಂಪ್ಲಿಫೈಯರ್) ಇಟ್ಟು, ಅದರ ಔಟ್‌ಪುಟ್ಟನ್ನು ರೆಫರೆನ್ಸ್ ಪಿನ್ನಿಗೆ ಕೊಡಿ. 2.5 ಬದಲು 1.5 ವೋಲ್ಟ್ ಬರುವಂತೆ ರೆಸಿಸ್ಟರ್ ಆರಿಸಿದರೆ ಮೇಲಕ್ಕೆ ಓಡಾಡಲು ಹೆಚ್ಚು ಜಾಗ ಸಿಗುತ್ತದೆ. ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿಯ ಇನ್ನೊಂದು ಚಾನೆಲ್‌ನಲ್ಲಿ ಆ 1.5ನ್ನೂ ಓದಿ ಪ್ರತಿ ರೀಡಿಂಗಿನಿಂದ ಕಳೆಯಿರಿ, ಸಪ್ಲೈ ಅಲುಗಿದರೂ ಸೊನ್ನೆ ಅಲುಗುವುದಿಲ್ಲ. ಹೊಸ ಬೋರ್ಡು ಮಾಡುವಾಗ ಎಡಿ 623 ಹಾಕಿಕೊಳ್ಳಿ, ಅದು ಒಂದೇ ಸಪ್ಲೈಗೆಂದು ಮಾಡಿದ್ದು, ಔಟ್‌ಪುಟ್ ಎರಡೂ ತುದಿಗಳ ಹತ್ತಿರದವರೆಗೆ ಹೋಗುತ್ತದೆ. ಸೂತ್ರದಲ್ಲಿ ಮಾತ್ರ 49.4 ಇದ್ದ ಕಡೆ 100 ಕಿಲೋಓಮ್ ಬರುತ್ತದೆ, ಹಳೆಯ ಗೇನ್ ರೆಸಿಸ್ಟರನ್ನೇ ಹಾಕಿಬಿಟ್ಟೀರಿ.